ಬಿ ಫಾರಂ ಕೊಡುವ ಮೊದಲು ನಮ್ಮ ಮುಂದೆ ನಿಲ್ಲಿಸಿ

ಚುನಾವಣೆ ಒಂದಲ್ಲ, ಎರಡು ನಡೆಯುತ್ತವೆ. ಒಂದರಲ್ಲಿ ನಾವು ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಬಟನ್ ಒತ್ತಿ ಬರುತ್ತೇವೆ. ಅದಕ್ಕೂ ಮೊದಲೇ ಇನ್ನೊಂದು ನಡೆದು ಮುಗಿದಿರುತ್ತದೆ. ಅದು ಟಿಕೆಟ್ ಚುನಾವಣೆ. ಅದರಲ್ಲಿ ನಮಗೆ ಮತ ಇಲ್ಲ, ಮಾತು ಇಲ್ಲ, ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುವ ಅವಕಾಶವೂ ಇಲ್ಲ.

ಒಂದು ಪಕ್ಷ ಗಟ್ಟಿಯಾಗಿ ಬೇರು ಬಿಟ್ಟ ಕಡೆ ಈ ಮೊದಲನೆಯದೇ ನಿಜವಾದ ಚುನಾವಣೆ. ನಮ್ಮ ಧಾರವಾಡ ಲೋಕಸಭಾ ಕ್ಷೇತ್ರವನ್ನೇ ನೋಡಿ. ಮೊದಲು ಅದಕ್ಕೆ ಧಾರವಾಡ ಉತ್ತರ ಅಂತ ಹೆಸರಿತ್ತು. 1996ರಿಂದ 2024ರವರೆಗಿನ ಚುನಾವಣೆಗಳಲ್ಲಿ ಇಲ್ಲಿ ಗೆದ್ದವರು ಇಬ್ಬರೇ: ಮೊದಲು ವಿಜಯ ಸಂಕೇಶ್ವರ, ಆಮೇಲೆ ಪ್ರಲ್ಹಾದ ಜೋಶಿ. ಇಬ್ಬರೂ ನಿಂತದ್ದು ಬಿಜೆಪಿಯಿಂದ. ಅಂದರೆ ಸುಮಾರು ಮೂರು ದಶಕದ ದೊಡ್ಡ ತೀರ್ಮಾನ ಮತಗಟ್ಟೆಯಲ್ಲಿ ಆದದ್ದಕ್ಕಿಂತ ಆ ಪಕ್ಷದ ಟಿಕೆಟ್ ಯಾರಿಗೆ ಅನ್ನುವ ಕಡೆ ಆಗಿದೆ. ಇದು ಬಿಜೆಪಿಯೊಂದರ ಮಾತಲ್ಲ. ಕಾಂಗ್ರೆಸ್ ಗಟ್ಟಿ ಇರುವ ಕ್ಷೇತ್ರದಲ್ಲಿ ಕಾಂಗ್ರೆಸ್ಸಿಗೂ, ಜೆಡಿಎಸ್ ಗಟ್ಟಿ ಇರುವಲ್ಲಿ ಜೆಡಿಎಸ್ಸಿಗೂ ಇದೇ ಮಾತು ಸಲ್ಲುತ್ತದೆ.

ಸಂತೆಯಲ್ಲಿ ಎತ್ತು ಕೊಳ್ಳುವವರು ಬಾಯಿ ತೆಗೆಸಿ ಹಲ್ಲು ನೋಡುತ್ತಾರೆ. ಗೊರಸು ಎತ್ತಿ ನೋಡುತ್ತಾರೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಐದು ವರ್ಷ ನಮ್ಮ ಹೆಸರಿನಲ್ಲಿ ಮಾತಾಡುವವರನ್ನು ಮಾತ್ರ ಫ್ಲೆಕ್ಸಿನಲ್ಲಿ ಕೈಮುಗಿದ ಫೋಟೊ ನೋಡಿ ಆರಿಸುತ್ತೇವೆ. ಅದೂ ಬೇರೆ ಯಾರೋ ಸಂತೆ ಮಾಡಿ ತಂದು ನಮ್ಮ ಅಂಗಳದಲ್ಲಿ ಕಟ್ಟಿ ಹೋದ ಮೇಲೆ.

ನಮ್ಮ ವಾದ ಸಣ್ಣದು. ಟಿಕೆಟ್ ಕೇಳುವ ಎಲ್ಲರೂ, ಬಿ ಫಾರಂ ಯಾರ ಕೈಗೂ ಹೋಗುವ ಮೊದಲು, ಮತದಾರರ ಎದುರು ಒಂದೇ ವೇದಿಕೆಯಲ್ಲಿ ಕೂರಬೇಕು. ಒಬ್ಬರನ್ನೊಬ್ಬರು ಪ್ರಶ್ನೆ ಕೇಳಬೇಕು. ನಮ್ಮ ಪ್ರಶ್ನೆಗೂ ಉತ್ತರ ಕೊಡಬೇಕು. ಆಮೇಲೆ ಪಕ್ಷದವರು ಯಾರಿಗಾದರೂ ಕೊಡಲಿ, ಯಾರಿಗೆ ಯಾಕೆ ಕೊಟ್ಟರು ಅಂತ ನಮಗೆ ತಿಳಿದಿರುತ್ತದೆ.

2023ರಲ್ಲಿ ನಾವು ಕಂಡದ್ದು

ಹುಬ್ಬಳ್ಳಿ-ಧಾರವಾಡ ಸೆಂಟ್ರಲ್ ಕ್ಷೇತ್ರದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಮತದಾರರ ಕಡೆಯಿಂದ ಒಮ್ಮೆ ನೋಡೋಣ.

ಜಗದೀಶ ಶೆಟ್ಟರ್ 1994ರಿಂದ ಸತತ ಆರು ಸಲ ಗೆದ್ದವರು. 2012ರ ಜುಲೈನಿಂದ 2013ರ ಮೇವರೆಗೆ ಮುಖ್ಯಮಂತ್ರಿ ಆಗಿದ್ದವರು. 2023ರ ಏಪ್ರಿಲ್‌ನಲ್ಲಿ ಬಿಜೆಪಿ ಅವರಿಗೆ ಟಿಕೆಟ್ ಕೊಡಲಿಲ್ಲ. ಅವರು ಕಾಂಗ್ರೆಸ್ ಸೇರಿ ಅಲ್ಲಿಂದ ನಿಂತರು. ಬಿಜೆಪಿ ತನ್ನ ರಾಜ್ಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಮಹೇಶ ಟೆಂಗಿನಕಾಯಿ ಅವರನ್ನು ನಿಲ್ಲಿಸಿತು. ಮೇ 13ರಂದು ಎಣಿಕೆಯಾದಾಗ ಟೆಂಗಿನಕಾಯಿ 34 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. 2024ರ ಜನವರಿಯಲ್ಲಿ ಶೆಟ್ಟರ್ ಬಿಜೆಪಿಗೆ ಮರಳಿದರು. ಅದೇ ವರ್ಷ ಬೆಳಗಾವಿಯಿಂದ ಸಂಸದರಾದರು.

ಈ ಇಬ್ಬರ ಬಗ್ಗೆ ಆಗ ನಮಗೆ ಮೂಡಿದ ಅನಿಸಿಕೆ ಏನು? ನಿಜ ಹೇಳಬೇಕೆಂದರೆ ಎರಡು ಪದ ಮಾತ್ರ ಕಿವಿಯಲ್ಲಿ ಉಳಿದವು. ಒಬ್ಬರ ಕಡೆಯಿಂದ ‘ಅವಮಾನ’. ಇನ್ನೊಬ್ಬರ ಕಡೆಯಿಂದ ‘ನಿಷ್ಠೆ’. ತಮಗೆ ಟಿಕೆಟ್ ತಪ್ಪಲು ಪಕ್ಷದ ರಾಷ್ಟ್ರೀಯ ಸಂಘಟನಾ ಕಾರ್ಯದರ್ಶಿ ಬಿ.ಎಲ್. ಸಂತೋಷ್ ಕಾರಣ ಎಂದು ಶೆಟ್ಟರ್ ಬಹಿರಂಗವಾಗಿ ಹೇಳಿದರು. ಪಕ್ಷದವರು ಎಲ್ಲವನ್ನೂ ಕೊಟ್ಟ ಪಕ್ಷಕ್ಕೆ ದ್ರೋಹ ಮಾಡಿದರು ಅಂದರು. ಟಿವಿಯಲ್ಲಿ, ಫೋನಿನಲ್ಲಿ, ಚಹಾದಂಗಡಿಯಲ್ಲಿ ಮೂರು ವಾರ ಇದೇ ನಡೆಯಿತು.

ಆರು ಸಲ ಗೆದ್ದವರನ್ನು ಬದಲಿಸಬೇಕು ಅನ್ನುವುದಕ್ಕೆ ಒಳ್ಳೆಯ ಕಾರಣ ಇರಬಹುದು. ಬದಲಿಸಬಾರದು ಅನ್ನುವುದಕ್ಕೂ ಇರಬಹುದು. ಮೂವತ್ತು ವರ್ಷಕ್ಕೆ ಹತ್ತಿರದ ಲೆಕ್ಕ ಶೆಟ್ಟರ್ ಕೊಡಬೇಕಿತ್ತು. ಅವರಿಗಿಂತ ತಾವು ಏನನ್ನು ಬೇರೆ ಮಾಡುತ್ತೇವೆ ಎಂದು ಟೆಂಗಿನಕಾಯಿ ಹೇಳಬೇಕಿತ್ತು. ಇಬ್ಬರೂ ಒಂದೇ ಪಕ್ಷದಲ್ಲಿ ಇದ್ದಾಗಲೇ, ಎದುರುಬದುರು ಕೂತು, ಒಂದು ಗಂಟೆ ಮಾತಾಡಿದ್ದರೆ ಸಾಕಿತ್ತು. ನಲ್ಲಿಗೆ ವಾರಕ್ಕೆಷ್ಟು ಸಲ ನೀರು, ಚಿಗರಿ ಬಸ್ಸಿನ ದಾರಿ ಬಿಟ್ಟು ಉಳಿದ ರಸ್ತೆಯ ಗತಿ ಏನು, ಓದಿದ ಹುಡುಗರು ಬೆಂಗಳೂರು, ಪುಣೆ ಹಿಡಿಯುವುದು ಯಾವಾಗ ನಿಲ್ಲುತ್ತದೆ, ಈ ಮಾತು ಆಗಲೇ ಆಗುತ್ತಿತ್ತು. ಟಿಕೆಟ್ ತಪ್ಪಿದ ಮೇಲೆ ಆದದ್ದು ಜಗಳ. ಜಗಳದಲ್ಲಿ ನಮ್ಮ ನೀರಿಗೆ ಜಾಗ ಇರಲಿಲ್ಲ.

ಶೆಟ್ಟರ್ ಅವರಿಗೆ ಕಾಂಗ್ರೆಸ್ ಗುರುತಿನ ಮೇಲೆ 60 ಸಾವಿರಕ್ಕೂ ಹೆಚ್ಚು ಮಂದಿ ಮತ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಅವರು ವಾಪಸ್ ಹೋಗುವಾಗ ಈ ಮಂದಿಯನ್ನು ಯಾರೂ ಕೇಳಲಿಲ್ಲ. ಟಿಕೆಟ್ ತಪ್ಪಿಸುವಾಗ ಬಿಜೆಪಿಯ ಮತದಾರರನ್ನೂ ಯಾರೂ ಕೇಳಿರಲಿಲ್ಲ. ಹೋಗುವಾಗಲೂ ಬರುವಾಗಲೂ ಮಾತುಕತೆ ನಡೆದದ್ದು ನಾಯಕರ ನಡುವೆ. ನಮ್ಮ ಪಾಲಿಗೆ ಉಳಿದದ್ದು ಟಿವಿ ನೋಡುವ ಕೆಲಸ.

ಶಿಗ್ಗಾಂವಿಯಿಂದ ನವನಗರಕ್ಕೆ

ಇದು ಒಂದು ಪಕ್ಷದ ಚಾಳಿ ಅಂತ ಯಾರಾದರೂ ಹೇಳಿದರೆ ಶಿಗ್ಗಾಂವಿ ತೋರಿಸುತ್ತೇವೆ. ಜಿಲ್ಲೆ ಹಾವೇರಿಯಾದರೂ ಲೋಕಸಭೆಗೆ ಅದು ನಮ್ಮ ಧಾರವಾಡ ಕ್ಷೇತ್ರದ್ದೇ.

ಬಸವರಾಜ ಬೊಮ್ಮಾಯಿ 2024ರಲ್ಲಿ ಹಾವೇರಿಯ ಸಂಸದರಾದರು, ಶಿಗ್ಗಾಂವಿ ಖಾಲಿಯಾಯಿತು. ನವೆಂಬರ್ 13ಕ್ಕೆ ಉಪಚುನಾವಣೆ ಬಂತು. ಬಿಜೆಪಿ ಟಿಕೆಟ್ ಬೊಮ್ಮಾಯಿಯವರ ಮಗ ಭರತ್ ಅವರಿಗೆ ಹೋಯಿತು. ಅಜ್ಜ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ, ಅಪ್ಪ ಮುಖ್ಯಮಂತ್ರಿ, ಈಗ ಮೂರನೇ ತಲೆಮಾರು. ಕ್ಷೇತ್ರದಲ್ಲಿ ಆ ಪಕ್ಷಕ್ಕೆ ವರ್ಷಗಟ್ಟಲೆ ದುಡಿದವರು ಎಷ್ಟು ಜನ ಇದ್ದರೋ, ಅವರನ್ನು ಭರತ್ ಪಕ್ಕದಲ್ಲಿ ನಿಲ್ಲಿಸಿ ನಮಗೆ ಯಾರೂ ತೋರಿಸಲಿಲ್ಲ.

ಕಾಂಗ್ರೆಸ್ ಟಿಕೆಟ್ 2023ರಲ್ಲಿ ಸೋತಿದ್ದ ಯಾಸಿರ್ ಅಹ್ಮದ್ ಖಾನ್ ಪಠಾಣ್ ಅವರಿಗೆ ಸಿಕ್ಕಿತು. ಮಾಜಿ ಶಾಸಕ ಅಜ್ಜಂಪೀರ್ ಖಾದ್ರಿ ಅವರಿಗೂ ಟಿಕೆಟ್ ಬೇಕಿತ್ತು. ಸಿಗದಾಗ ಬಂಡಾಯವಾಗಿ ನಾಮಪತ್ರ ಹಾಕಿದರು. ಪಕ್ಷದವರು ಮನವೊಲಿಸಿದರು, ಹಿಂತೆಗೆದುಕೊಂಡರು. ಪಠಾಣ್ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಖಾದ್ರಿ ಬಳಿಕ ಹೆಸ್ಕಾಂ ಅಧ್ಯಕ್ಷರಾದರು.

ಹೆಸ್ಕಾಂ ಮುಖ್ಯ ಕಚೇರಿ ಇರುವುದು ನವನಗರದಲ್ಲಿ, ಪಿ.ಬಿ. ರಸ್ತೆಯ ಮೇಲೆ. ಧಾರವಾಡ, ಬೆಳಗಾವಿ, ಗದಗ, ಹಾವೇರಿ, ಉತ್ತರ ಕನ್ನಡ, ವಿಜಯಪುರ, ಬಾಗಲಕೋಟೆ, ಹೀಗೆ ಏಳು ಜಿಲ್ಲೆಯ ಕರೆಂಟು ಅದರ ಕೈಯಲ್ಲಿ. ನಮ್ಮ ಹೊಲದ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಯಾವ ಹೊತ್ತಿಗೆ, ಟಿ.ಸಿ. ಸುಟ್ಟರೆ ಎಷ್ಟು ದಿನಕ್ಕೆ ಬೇರೆ ಕೂರಿಸುತ್ತಾರೆ, ಇದೆಲ್ಲ ಅದರ ಕೆಲಸ.

ಖಾದ್ರಿಯವರು ಆ ಹುದ್ದೆಗೆ ಯೋಗ್ಯರೋ ಅಲ್ಲವೋ ಎಂಬುದು ನಮ್ಮ ತಕರಾರಲ್ಲ. ಈ ಹುದ್ದೆಗಳು ಎಲ್ಲ ಸರ್ಕಾರದಲ್ಲೂ ಹೀಗೇ ತುಂಬುತ್ತವೆ. ಟಿಕೆಟ್ ಸಿಗದವರಿಗೆ ನಿಗಮ, ಮಂಡಳಿ ಎಂಬುದು ಹಳೇ ಪದ್ಧತಿ. ನಮ್ಮ ತಕರಾರು ಇಷ್ಟೇ: ಟಿಕೆಟ್ ಹಂಚಿಕೆ ನಮಗೆ ಸಂಬಂಧವಿಲ್ಲದ ಒಳಮನೆ ವ್ಯವಹಾರ ಅಂತ ಹೇಳಬೇಡಿ. ಆ ವ್ಯವಹಾರದ ಕೊನೆಗೆ ಕುರ್ಚಿ ಬಂದು ಬೀಳುವುದು ನಮ್ಮ ಟಿ.ಸಿ. ಮೇಲೆ, ನಮ್ಮ ನೀರಿನ ಮೇಲೆ, ನಮ್ಮ ಬಸ್ಸಿನ ಮೇಲೆ. ಪಠಾಣ್ ಮತ್ತು ಖಾದ್ರಿ ಇಬ್ಬರನ್ನೂ ಶಿಗ್ಗಾಂವಿಯಲ್ಲಿ ಜನರ ಎದುರು ಕೂರಿಸಿ ಮಾತಾಡಿಸಿದ್ದರೆ ಬಂಡಾಯವೂ ಬೇಕಿರಲಿಲ್ಲ, ಮನವೊಲಿಕೆಯೂ ಬೇಕಿರಲಿಲ್ಲ.

ಬಂಡಾಯ ಅನ್ನುವ ಮಾತು

ಈ ಮಾತಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ನಮ್ಮ ಭಾಗದಲ್ಲಿ ಬಂಡಾಯ ಅಂದರೆ ಸಣ್ಣ ಪದ ಅಲ್ಲ. 1858ರಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದದ್ದು ಬಂಡಾಯ. 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದು, ಗೋಲಿಬಾರಿನಲ್ಲಿ ಪ್ರಾಣ ಕೊಟ್ಟದ್ದು ಬಂಡಾಯ. ಈಗಲೂ ಆ ದಿನ ಹುತಾತ್ಮ ರೈತರಿಗೆ ಹೂ ಏರಿಸುತ್ತೇವೆ.

ಪಕ್ಷಗಳು ಆ ಪದವನ್ನು ಎಲ್ಲಿಗೆ ತಂದು ನಿಲ್ಲಿಸಿವೆ ನೋಡಿ. ಟಿಕೆಟ್ ಸಿಗದೆ ಮುನಿಸಿಕೊಂಡವರು ಬಂಡಾಯ ಅಭ್ಯರ್ಥಿ. ಸಂಜೆಗೆ ಸಮಾಧಾನವಾದರೆ ಬಂಡಾಯ ಶಮನ. ಪಕ್ಷದ ಒಳಗೆ ‘ನನಗಿಂತ ಅವರು ಯಾಕೆ’ ಎಂದು ಕೇಳಲು ಮರ್ಯಾದೆಯ ಜಾಗವೇ ಇಲ್ಲದ ಕಾರಣ, ಕೇಳಿದವರೆಲ್ಲ ಬಂಡಾಯಗಾರರು ಆಗುತ್ತಾರೆ. ಪ್ರಶ್ನೆ ಕೇಳಲು ಒಂದು ವೇದಿಕೆ ಹಾಕಿ ಕೊಟ್ಟರೆ ಅದು ಬಂಡಾಯ ಆಗುವುದಿಲ್ಲ, ಚರ್ಚೆ ಆಗುತ್ತದೆ.

ಮಾಡಿ ನೋಡಲಿಲ್ಲವೇ?

ಒಂದು ಸಲ ನೋಡಿದ್ದಾರೆ. 2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿ ದೇಶದ ಕೆಲವೇ ಕ್ಷೇತ್ರಗಳಲ್ಲಿ ‘ಪ್ರೈಮರಿ’ ಎಂಬ ಒಳಚುನಾವಣೆ ಮಾಡಿಸಿದರು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಹೀಗೆ ಆಯ್ಕೆಯಾದರು. ಇಬ್ಬರೂ ಸೋತರು. ಗುಜರಾತಿನ ವಡೋದರಾದಲ್ಲಿ ನರೇಂದ್ರ ರಾವತ್ ಒಳಚುನಾವಣೆ ಗೆದ್ದಿದ್ದರು. ಅಲ್ಲಿಗೆ ನರೇಂದ್ರ ಮೋದಿ ಬರುತ್ತಾರೆ ಅಂದ ಕೂಡಲೇ ರಾವತ್ ಜಾಗ ಬಿಟ್ಟುಕೊಟ್ಟರು, ಹಿರಿಯ ನಾಯಕ ಮಧುಸೂದನ ಮಿಸ್ತ್ರಿ ನಿಂತರು. ಅಲ್ಲಿಗೆ ಗೊತ್ತಾಯಿತು, ಒಳಚುನಾವಣೆ ಗೆದ್ದರೂ ಅದು ಕೊನೆಯ ಮಾತಲ್ಲ ಅಂತ.

‘ನೋಡಿದಿರಾ, ಪ್ರಯೋಗ ಸೋತಿತು’ ಅನ್ನುವವರಿಗೆ ಒಂದು ಮಾತು. ಅಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು, ಗೆದ್ದ ಜನಪ್ರತಿನಿಧಿಗಳು. ಸಾಮಾನ್ಯ ಮತದಾರರು ಹೊರಗೇ ಇದ್ದರು. ಜನರ ಎದುರು ಚರ್ಚೆ ಮಾಡಿಸಿ ನೋಡದೆ ಚರ್ಚೆ ಸೋತಿತು ಎನ್ನುವುದು, ಬಿತ್ತದ ಬೆಳೆ ಬರಲಿಲ್ಲ ಅಂದ ಹಾಗೆ.

ಆಮೇಲೆ ಬಂದದ್ದೂ ಅರ್ಧಂಬರ್ಧ. 2022ರ ಕೊನೆಗೆ ರಾಜ್ಯ ಕಾಂಗ್ರೆಸ್ ಟಿಕೆಟ್ ಆಕಾಂಕ್ಷಿಗಳಿಂದ ಅರ್ಜಿ ಕರೆಯಿತು. ಅರ್ಜಿಗೆ 5 ಸಾವಿರ ರೂಪಾಯಿ, ಜೊತೆಗೆ 2 ಲಕ್ಷದ ಡಿ.ಡಿ. ಪರಿಶಿಷ್ಟರಿಗೆ 1 ಲಕ್ಷ. ಕೂಲಿ ಮಾಡುವ ಮನೆಯ ಹೆಣ್ಣುಮಗಳು, ಎರಡೆಕರೆಯ ರೈತ ಅಲ್ಲೇ ಹೊರಗುಳಿದರು. 2023ರ ಮಾರ್ಚ್ ಕೊನೆಯಲ್ಲಿ ಬಿಜೆಪಿ ತನ್ನ ಪದಾಧಿಕಾರಿಗಳಿಂದ ಗುಪ್ತ ಮತದಾನದಲ್ಲಿ ಹೆಸರು ಪಡೆಯಿತು. ಪೆಟ್ಟಿಗೆಯಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ನಮಗೆ ಹೇಳಲಿಲ್ಲ. 2022ರ ಜನವರಿಯಲ್ಲಿ ಪಂಜಾಬಿನಲ್ಲಿ ಆಮ್ ಆದ್ಮಿ ಪಕ್ಷ ಮುಖ್ಯಮಂತ್ರಿ ಅಭ್ಯರ್ಥಿ ಯಾರಾಗಬೇಕು ಅಂತ ಫೋನಿನಲ್ಲಿ ಕೇಳಿತು. 21 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು, ಶೇ 93ರಷ್ಟು ಭಗವಂತ ಮಾನ್ ಅಂದರು ಎಂದು ಪಕ್ಷ ಹೇಳಿತು. ಕೇಳಿದ್ದು ಒಳ್ಳೆಯದೇ. ಆದರೆ ಅಲ್ಲಿಯೂ ಎದುರುಬದುರು ಮಾತು ಇರಲಿಲ್ಲ. ಎಣಿಸಿದವರೂ ಪಕ್ಷದವರೇ.

ಅಮೆರಿಕದವರು ಮಾಡುವುದು

ಅಮೆರಿಕದಲ್ಲಿಯೂ ಮೊದಲು ಪಕ್ಷದ ದೊಡ್ಡವರೇ ಕೋಣೆಯಲ್ಲಿ ಕೂತು ಹೆಸರು ಬರೆಯುತ್ತಿದ್ದರು. 1903ರಲ್ಲಿ ವಿಸ್ಕಾನ್ಸಿನ್ ಎಂಬ ರಾಜ್ಯ ಕಾನೂನು ಮಾಡಿ, ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸಲಿ ಅಂದಿತು. ನಿಧಾನಕ್ಕೆ ಅದು ದೇಶಕ್ಕೆಲ್ಲ ಹಬ್ಬಿತು. ಈಗ ಒಂದೇ ಪಕ್ಷದ ಆಕಾಂಕ್ಷಿಗಳು ಟಿವಿಯಲ್ಲಿ ಸಾಲಾಗಿ ನಿಂತು ವಾದ ಮಾಡುತ್ತಾರೆ. ನಾವು ಅದನ್ನು ಫೋನಿನಲ್ಲಿ ನೋಡುತ್ತೇವೆ.

2019ರ ಜೂನ್‌ನಲ್ಲಿ ಮಯಾಮಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಚರ್ಚೆ ನಡೆಯಿತು. ಆಕಾಂಕ್ಷಿಗಳು 20 ಮಂದಿ, ಹಾಗಾಗಿ ಎರಡು ರಾತ್ರಿ. ಎರಡನೇ ರಾತ್ರಿ ಕಮಲಾ ಹ್ಯಾರಿಸ್, ಪಕ್ಷದ ಹಿರಿಯ ಜೋ ಬೈಡನ್ ಅವರತ್ತ ತಿರುಗಿ, ಕಪ್ಪು-ಬಿಳಿ ಮಕ್ಕಳನ್ನು ಒಂದೇ ಶಾಲೆಗೆ ಬಸ್ಸಿನಲ್ಲಿ ಕರೆದೊಯ್ಯುವ ಯೋಜನೆಯ ಬಗ್ಗೆ ಹಿಂದೆ ನಿಮ್ಮ ನಿಲುವು ಏನಿತ್ತು ಎಂದು ಕೇಳಿದರು. ಬೈಡನ್ ತಡವರಿಸಿದ್ದನ್ನು ಎಲ್ಲರೂ ಕಂಡರು. ಮುಂದೇನಾಯಿತು? ಹ್ಯಾರಿಸ್ ಅವರನ್ನು ಪಕ್ಷದಿಂದ ಉಚ್ಚಾಟಿಸಲಿಲ್ಲ. ಮರುವರ್ಷ ಅದೇ ಬೈಡನ್ ಅವರನ್ನೇ ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡರು. ನಮ್ಮಲ್ಲಿ ಹಿರಿಯ ನಾಯಕರನ್ನು ವೇದಿಕೆಯ ಮೇಲೆ ಹೀಗೆ ಕೇಳಿದವರಿಗೆ ಮರುದಿನ ನೋಟಿಸ್ ಬರುತ್ತದೆ.

ಅಲ್ಲಿಯದೆಲ್ಲ ಚಿನ್ನ ಅಂತ ನಾವು ಹೇಳುವುದಿಲ್ಲ. 2023ರ ಆಗಸ್ಟ್ 23ರಂದು ಮಿಲ್ವಾಕಿಯಲ್ಲಿ ರಿಪಬ್ಲಿಕನ್ ಪಕ್ಷದ ಎಂಟು ಆಕಾಂಕ್ಷಿಗಳು ನಿಂತರು. ಎಲ್ಲರಿಗಿಂತ ಮುಂದಿದ್ದ ಡೊನಾಲ್ಡ್ ಟ್ರಂಪ್ ಬರಲೇ ಇಲ್ಲ. ಬರದೆಯೂ ಅವರೇ ಅಭ್ಯರ್ಥಿಯಾದರು, ಗೆದ್ದರು. ಆದರೆ ಆ ರಾತ್ರಿ ಒಂದು ಪ್ರಶ್ನೆ ಬಂತು: ಟ್ರಂಪ್ ಅವರಿಗೆ ಕೋರ್ಟಿನಲ್ಲಿ ಶಿಕ್ಷೆಯಾದರೂ ಅವರೇ ಅಭ್ಯರ್ಥಿ ಆದರೆ ಬೆಂಬಲಿಸುತ್ತೀರಾ? ಆರು ಮಂದಿ ಕೈ ಎತ್ತಿದರು. ಯಾರು ತಟ್ಟನೆ ಎತ್ತಿದರು, ಯಾರು ಅತ್ತಿತ್ತ ನೋಡಿ ಎತ್ತಿದರು ಎಂಬುದೂ ಕಾಣಿಸಿತು. ನೂರು ಭಾಷಣ ಕೇಳಿದರೂ ಇಷ್ಟು ತಿಳಿಯುತ್ತಿರಲಿಲ್ಲ. ಚರ್ಚೆಯಿಂದ ಒಳ್ಳೆಯವರೇ ಗೆಲ್ಲುತ್ತಾರೆ ಎಂಬ ಖಾತ್ರಿ ಇಲ್ಲ. ಯಾರು ಎಂಥವರು ಎಂದು ನೋಡುವ ಅವಕಾಶ ಸಿಗುತ್ತದೆ. ನಮಗೆ ಬೇಕಾದದ್ದು ಅಷ್ಟೇ.

ಪಕ್ಷದ ಮನೆ ವಿಷಯ ನಿಮಗ್ಯಾಕ?

ಈ ಪ್ರಶ್ನೆ ಬರುತ್ತದೆ. ಉತ್ತರ ಇದೆ. ಮಾನ್ಯತೆ ಪಡೆದ ಪಕ್ಷಕ್ಕೆ ಚಿಹ್ನೆ ಕಾಯ್ದಿರಿಸಿ ಕೊಡುವುದು ಚುನಾವಣಾ ಆಯೋಗ. ಚುನಾವಣೆಯಲ್ಲಿ ದೂರದರ್ಶನ, ಆಕಾಶವಾಣಿಯಲ್ಲಿ ಪುಕ್ಕಟೆ ಸಮಯ ಸಿಗುತ್ತದೆ. ಪಕ್ಷದ ಆದಾಯಕ್ಕೆ ತೆರಿಗೆ ವಿನಾಯಿತಿ ಇದೆ. ಇಷ್ಟು ಸಾರ್ವಜನಿಕರಿಂದ ಪಡೆದವರು ಖಾಸಗಿ ಮನೆ ಅನ್ನುವ ಹಾಗಿಲ್ಲ.

ಇನ್ನೂ ದೊಡ್ಡ ಕಾರಣ ಪಕ್ಷಾಂತರ ನಿಷೇಧ ಕಾಯ್ದೆ. 1985ರಿಂದ, ಗೆದ್ದ ಶಾಸಕರು ಪಕ್ಷದ ವಿಪ್ ಮೀರಿ ಸದನದಲ್ಲಿ ಮತ ಹಾಕಿದರೆ ಸ್ಥಾನ ಹೋಗಬಹುದು. ಅಂದರೆ ಗೆದ್ದ ಮೇಲೆ ಅವರ ಮೂಗುದಾರ ಪಕ್ಷದ ಕೈಯಲ್ಲಿ. ಆ ಪಕ್ಷದೊಳಗೆ ಅವರು ತಲೆ ಎತ್ತಿ ಮಾತಾಡುವವರೋ ಇಲ್ಲವೋ ಎಂದು ನೋಡಲು ನಮಗಿರುವ ಒಂದೇ ಸಮಯ ಟಿಕೆಟ್ಟಿಗೆ ಮುಂಚಿನದು.

ಸುಪ್ರೀಂ ಕೋರ್ಟ್ ಕೂಡ ಈ ಬಾಗಿಲನ್ನು ಸ್ವಲ್ಪ ತೆರೆದಿದೆ. 2020ರ ಫೆಬ್ರುವರಿ 13ರ ಆದೇಶದ ಪ್ರಕಾರ, ಕ್ರಿಮಿನಲ್ ಕೇಸಿರುವವರಿಗೆ ಟಿಕೆಟ್ ಕೊಟ್ಟರೆ, ಕೇಸಿಲ್ಲದ ಬೇರೆಯವರು ಯಾಕೆ ಸಿಗಲಿಲ್ಲ ಎಂದು ಪಕ್ಷ ಜನರಿಗೆ ತಿಳಿಸಬೇಕು. ‘ಗೆಲ್ಲುತ್ತಾರೆ’ ಎಂಬುದೊಂದೇ ಕಾರಣ ಆಗಬಾರದು. ಕೇಸಿರುವವರ ಬಗ್ಗೆ ಕಾರಣ ಕೇಳಬಹುದಾದರೆ, ಉಳಿದವರ ಬಗ್ಗೆಯೂ ಕೇಳಬಹುದಲ್ಲ?

ಇನ್ನೊಂದು ಆಕ್ಷೇಪ: ಮಾತಿನ ಮಲ್ಲರು ಗೆದ್ದುಬಿಡುತ್ತಾರೆ, ಕೆಲಸ ಮಾಡುವವರು ಸೋಲುತ್ತಾರೆ. ನಿಜ ಹೇಳಿ, ಈಗ ಗೆಲ್ಲುತ್ತಿರುವವರು ಮೌನಿಗಳೇ? ಮೈಕಿನ ಮುಂದೆ ಒಬ್ಬರೇ ನಿಂತು ಒಂದು ತಾಸು ಕೂಗುವುದು ಸುಲಭ. ನಡುವೆ ನಿಲ್ಲಿಸಿ ‘ಎಷ್ಟು ದಿನಕ್ಕ? ರೊಕ್ಕ ಎಲ್ಲಿಂದ?’ ಎಂದು ಕೇಳುವ ಕಡೆ ಮಾತಿನ ಮಲ್ಲರೇ ಮೊದಲು ಬೆವರುತ್ತಾರೆ.

ಕಳಸಾ-ಬಂಡೂರಿಯನ್ನೇ ತಗೊಳ್ಳಿ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಅಂದಿತು. ಅದರಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಮಲಪ್ರಭೆಗೆ ತಿರುಗಿಸಬಹುದು. ಅದೂ ಕುಡಿಯುವ ನೀರಿಗೆ. 2020ರ ಫೆಬ್ರುವರಿಯಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿತು, 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿತು. ಆಮೇಲೂ ಅರಣ್ಯ, ವನ್ಯಜೀವಿ ಅನುಮತಿಯ ಗಂಟು ಬಿಚ್ಚದೆ ಉಳಿಯಿತು. ವೇದಿಕೆಯಲ್ಲಿ ಮಾತ್ರ ಎಲ್ಲ ಪಕ್ಷದವರೂ ರೈತರ ಹೊಲಕ್ಕೆ ಮಹದಾಯಿ ಹರಿಸುತ್ತಲೇ ಬಂದಿದ್ದಾರೆ. ಮೂರು ಆಕಾಂಕ್ಷಿಗಳನ್ನು ಕೂರಿಸಿ ಒಂದೇ ಪ್ರಶ್ನೆ ಕೇಳಿ: ಈ 3.9 ಟಿಎಂಸಿ ಕುಡಿಯಲಿಕ್ಕೋ, ಹೊಲಕ್ಕೋ? ಯಾರಿಗೆ ತಿಳಿದಿದೆ, ಯಾರಿಗೆ ತಿಳಿದಿಲ್ಲ, ಯಾರು ತಿಳಿದೂ ಸುಳ್ಳು ಹೇಳುತ್ತಾರೆ, ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಕಾಯದೆ ಮಾಡಬಹುದಾದದ್ದು

ಪಕ್ಷಗಳು ತಾವಾಗಿ ಮಾಡುವುದಿಲ್ಲ. 2024ರ ಮೇನಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಅವರು ಮೋದಿ ಮತ್ತು ರಾಹುಲ್ ಇಬ್ಬರನ್ನೂ ಒಂದೇ ವೇದಿಕೆಗೆ ಕರೆದರು. ರಾಹುಲ್ ಒಪ್ಪಿದರು. ಬಿಜೆಪಿ ಕಡೆಯಿಂದ ಯುವ ಮೋರ್ಚಾದವರೊಬ್ಬರ ಹೆಸರು ಬಂತು. ಚರ್ಚೆ ನಡೆಯಲಿಲ್ಲ. ನಮ್ಮ ರಾಜ್ಯದ ನಾಯಕರಂತೂ ಎಲ್ಲ ಪಕ್ಷದವರೂ ‘ಬಹಿರಂಗ ಚರ್ಚೆಗೆ ಬನ್ನಿ’ ಎಂದು ಪತ್ರಿಕಾಗೋಷ್ಠಿಯಲ್ಲಿ ಪಂಥ ಹಾಕುತ್ತಾರೆ. ದಿನ, ಜಾಗ, ಹೊತ್ತು ಮಾತ್ರ ಹೇಳುವುದಿಲ್ಲ.

ಹಾಗಾದರೆ ದಿನ, ಜಾಗ, ಹೊತ್ತು ನಾವೇ ಹೇಳೋಣ.

ಮೊದಲ ಹೆಜ್ಜೆ ಊರಿನಿಂದಲೇ ಆಗಲಿ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುವುದು. ಅಲ್ಲಿ ಬಿ ಫಾರಂ ಕಾಟ ಇಲ್ಲ. ವಾರ್ಡಿಗೆ ನಿಲ್ಲುವವರನ್ನು ಗುಡಿಕಟ್ಟೆಯ ಮೇಲೆ ಕೂರಿಸಿ ಮಾತಾಡಿಸಲು ಯಾವ ಹೈಕಮಾಂಡ್ ಒಪ್ಪಿಗೆಯೂ ಬೇಡ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳು ಹೊಸ ನಾಯಕರನ್ನು ನಡೆಸಿ ನೋಡುವ ಅಂಗಳವಾಗಿದ್ದವು. 2016ರಲ್ಲಿ ಆರಿಸಿದ ಅವುಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಬರಲಿಲ್ಲ. ಆ ಅಂಗಳಕ್ಕೆ ಬೀಗ ಹಾಕಿದ್ದರಿಂದಲೇ ಮೇಲಿನಿಂದ ಇಳಿದು ಬರುವ ಹೆಸರುಗಳನ್ನು ನಾವು ನೋಡುತ್ತಾ ಕೂರಬೇಕಾಗಿದೆ.

ವಿಧಾನಸಭೆಗೆ ಬಂದಾಗ, ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಬರುವ ಮೊದಲೇ ಸಭೆ ಕರೆಯಿರಿ. ಆಕಾಂಕ್ಷಿಗಳು ಯಾರೆಂದು ಹುಡುಕಬೇಕಿಲ್ಲ. ಜಾತ್ರೆಗೆ ಶುಭಾಶಯದ ಫ್ಲೆಕ್ಸ್ ಹಾಕಿದವರು, ಕ್ರಿಕೆಟ್ ಟೂರ್ನಿಗೆ ಕಪ್ ಕೊಟ್ಟವರು, ಕರೆಯದೇ ಮದುವೆಗೆ ಬಂದವರು, ಎಲ್ಲರನ್ನೂ ಕರೆಯಿರಿ. ಒಂದು ಪಕ್ಷದವರಿಗೆ ಒಂದು ದಿನ. ಹಾರ, ಶಾಲು, ಸನ್ಮಾನ ಬೇಡ. ಎಲ್ಲರಿಗೂ ಅದೇ ಪ್ರಶ್ನೆ, ಅಷ್ಟೇ ನಿಮಿಷ. ಮೈಕಿಗೆ ಪೊಲೀಸ್ ಅನುಮತಿ ಮೊದಲೇ ತೆಗೆದುಕೊಳ್ಳಿ. ಹೆಣ್ಣುಮಕ್ಕಳು ಕೂಲಿಯಿಂದ ಮನೆಗೆ ಬಂದ ಮೇಲಿನ ಹೊತ್ತು ಇಡಿ, ಮೊದಲ ಪ್ರಶ್ನೆ ಅವರೇ ಕೇಳಲಿ. ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ತುಂಡು ಮಾಡದೆ ಪೂರ್ತಿ ಹಂಚಿ.

ಕೇಳಲು ಐದು ಪ್ರಶ್ನೆ ಸಾಕು. ಕಳಸಾ-ಬಂಡೂರಿ ನೀರು ಯಾರಿಗೆ, ಎಷ್ಟು? ಬೆಣ್ಣಿಹಳ್ಳ ಉಕ್ಕಿ ಹೊಲಕ್ಕೆ ನುಗ್ಗುವುದನ್ನು ತಡೆಯಲು ಏನು ಮಾಡುತ್ತೀರಿ, ಎಷ್ಟು ವರ್ಷದಲ್ಲಿ? ಟಿ.ಸಿ. ಸುಟ್ಟರೆ ಎಷ್ಟು ದಿನದಲ್ಲಿ ಕೂರಿಸುತ್ತೀರಿ? ನಿಮ್ಮ ಆಸ್ತಿ, ಸಾಲ, ಕೇಸು ಎಷ್ಟು? ಅಫಿಡವಿಟ್ಟಿನಲ್ಲಿ ಹೇಗೂ ಬರೆಯಬೇಕು, ಇಲ್ಲಿಯೂ ಹೇಳಿ. ಐದನೆಯದು ಎಲ್ಲಕ್ಕಿಂತ ಮುಖ್ಯ: ಟಿಕೆಟ್ ಸಿಗದಿದ್ದರೆ ಎಲ್ಲಿರುತ್ತೀರಿ? ಇದೇ ಪಕ್ಷದಲ್ಲೋ, ಎದುರು ಪಕ್ಷದಲ್ಲೋ, ನಿಗಮದ ಕುರ್ಚಿಯಲ್ಲೋ? ಈ ಉತ್ತರವೊಂದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಕ್ಷೇತ್ರದ ದೊಡ್ಡ ಸಭೆಗೆ ನವನಗರಕ್ಕಿಂತ ಒಳ್ಳೆಯ ಜಾಗ ಇಲ್ಲ. ಹುಬ್ಬಳ್ಳಿಯವರಿಗೂ ಧಾರವಾಡದವರಿಗೂ ನಡುವೆ. ಚಿಗರಿ ಬಸ್ಸು ಅಲ್ಲೇ ನಿಲ್ಲುತ್ತದೆ. ಕರೆಂಟಿನ ತಕರಾರಿಗೆ ಹೆಸ್ಕಾಂ, ಪೊಲೀಸ್ ಕಮಿಷನರ್ ಕಚೇರಿ, ಕ್ಯಾನ್ಸರ್ ಆಸ್ಪತ್ರೆ, ಪಕ್ಕದ ಅಮರಗೋಳದ ಎಪಿಎಂಸಿ ಅಂತ ಹಳ್ಳಿ ಮಂದಿ ಹೇಗೂ ಆ ಕಡೆ ಬರುತ್ತಾರೆ. ರಾಜ್ಯ ಕಾನೂನು ವಿಶ್ವವಿದ್ಯಾಲಯವೂ ಅಲ್ಲೇ ಇದೆ. ವಾದ ಮಾಡುವುದನ್ನೇ ಕಲಿಯುವ ಹುಡುಗ ಹುಡುಗಿಯರು ನಡೆಸಿಕೊಡಲಿ.

ಮೊದಲ ಸಲ ಎಲ್ಲರೂ ಬರುವುದಿಲ್ಲ. ಬರದವರ ಹೆಸರು ಬರೆದು ಕುರ್ಚಿ ಹಾಕಿ, ಖಾಲಿ ಬಿಡಿ. ಅದರ ಫೋಟೊ ಕೂಡ ಹಂಚಿ. ನಾಳೆ ಅದೇ ಹೆಸರಿಗೆ ಬಿ ಫಾರಂ ಬಂದು, ಅವರು ಕೈ ಮುಗಿಯುತ್ತಾ ನಿಮ್ಮ ಓಣಿಗೆ ಬಂದಾಗ ಬೈಯಬೇಡಿ, ಬಾಗಿಲು ಹಾಕಬೇಡಿ. ಕುಡಿಯಲು ನೀರು ಕೊಟ್ಟು ಒಂದೇ ಮಾತು ಕೇಳಿ: ‘ಆವತ್ತ ಯಾಕ ಬರಲಿಲ್ರಿ?’